ಎದುರು ಮಾತನ್ನು ಕೇಳಿಸಿಕೊಳ್ಳುವ ಬಗೆ: ಅಮೆರಿಕದ ಹಿಂದಿನ ಅಧ್ಯಕ್ಷರ ದಾರಿಗಳಲ್ಲಿ ಇಂದಿನ ನಾಯಕರಿಗೆ ಯಾವುದು ಸರಿ?

ಅಮೆರಿಕದ ಹಿಂದಿನ ಅಧ್ಯಕ್ಷರಿಂದ ಇಂದಿನ ನಾಯಕರು ಏನು ಕಲಿಯಬಹುದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಗುಣಗಳ ಪಟ್ಟಿ: ಲಿಂಕನ್ ಅವರ ತಾಳ್ಮೆ, ರೂಸ್‌ವೆಲ್ಟ್ ಅವರ ಆತ್ಮವಿಶ್ವಾಸ, ಟ್ರೂಮನ್ ಅವರ ನೇರ ನಡೆ. ಇಂಥ ಪಟ್ಟಿಯನ್ನು ಓದಿದವರಿಗೆ ಗೌರವ ಮೂಡುತ್ತದೆಯೇ ಹೊರತು ಮರುದಿನ ಬೆಳಿಗ್ಗೆ ಸಭೆಯಲ್ಲಿ ಕೂತಾಗ ಮಾಡಬೇಕಾದದ್ದೇನು ಎಂಬುದು ತಿಳಿಯುವುದಿಲ್ಲ. ಒಬ್ಬರ ಸ್ವಭಾವವನ್ನು ಇನ್ನೊಬ್ಬರು ಎರವಲು ತರಲಾಗದು. ಆದರೆ ಅವರು ಕೆಲಸ ನಡೆಸಿದ ಕ್ರಮವನ್ನು ತರಬಹುದು. ಆ ಕ್ರಮಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂದೇ: ತಮ್ಮ ಮನಸ್ಸಿನಲ್ಲಿದ್ದುದಕ್ಕೆ ವಿರುದ್ಧವಾದ ಮಾತು, ತೀರ್ಮಾನ ಆಗುವ ಮೊದಲೇ, ತಮ್ಮ ಕಿವಿಗೆ ಬೀಳುವಂತೆ ಅವರು ಏನು ಏರ್ಪಾಡು ಮಾಡಿಕೊಂಡಿದ್ದರು ಎಂಬುದು. ಅಧಿಕಾರ ಹೆಚ್ಚಿದಂತೆಲ್ಲ ಎದುರು ಮಾತನಾಡುವವರು ಕಡಿಮೆಯಾಗುತ್ತಾರೆ. ಇದು ಶ್ವೇತಭವನಕ್ಕೆ ಎಷ್ಟು ನಿಜವೋ ಇಪ್ಪತ್ತು ಜನರ ಸಂಸ್ಥೆಗೂ ಅಷ್ಟೇ ನಿಜ.

ಇಲ್ಲಿ ಹೋಲಿಸುತ್ತಿರುವುದು ಲಿಂಕನ್, ಐಸೆನ್‌ಹೋವರ್, ಫ್ರಾಂಕ್ಲಿನ್ ರೂಸ್‌ವೆಲ್ಟ್, ಕೆನಡಿ ಮತ್ತು ವಾಷಿಂಗ್ಟನ್ ಅನುಸರಿಸಿದ ದಾರಿಗಳನ್ನು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ವಿರೋಧ ಹೇಳುವವನು ಎಷ್ಟು ಧೈರ್ಯ ತೋರಬೇಕಾಗುತ್ತದೆ, ನಾಯಕನ ಕೈಯಲ್ಲಿ ಎಷ್ಟು ಸಮಯವಿದೆ, ಕೊನೆಯ ಮಾತು ನಿಜಕ್ಕೂ ಅವನದೇನಾ ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ.

ಪ್ರತಿಸ್ಪರ್ಧಿಗಳನ್ನು ಒಳಗೆ ಕರೆದುಕೊಂಡ ಲಿಂಕನ್

1860ರ ಮೇ ತಿಂಗಳಲ್ಲಿ ಷಿಕಾಗೋದಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಸ್ಥಾನಕ್ಕೆ ಪೈಪೋಟಿ ನಡೆದಾಗ ವಿಲಿಯಂ ಸೂವರ್ಡ್, ಸಾಲ್ಮನ್ ಚೇಸ್ ಮತ್ತು ಎಡ್ವರ್ಡ್ ಬೇಟ್ಸ್ ಮೂವರೂ ಲಿಂಕನ್ ಅವರಿಗಿಂತ ಹೆಚ್ಚು ಹೆಸರಾದವರು. ಸೂವರ್ಡ್ ನ್ಯೂಯಾರ್ಕ್‌ನ ಗವರ್ನರ್ ಆಗಿದ್ದವರು, ಚೇಸ್ ಓಹಾಯೋದ ಗವರ್ನರ್ ಆಗಿದ್ದವರು. ಲಿಂಕನ್ ಅವರಿಗಿದ್ದ ರಾಷ್ಟ್ರಮಟ್ಟದ ಅನುಭವವೆಂದರೆ ಪ್ರತಿನಿಧಿ ಸಭೆಯಲ್ಲಿ ಒಂದೇ ಅವಧಿ. ಗೆದ್ದ ಮೇಲೆ ಲಿಂಕನ್ ಆ ಮೂವರನ್ನೂ ಸಂಪುಟಕ್ಕೆ ಸೇರಿಸಿಕೊಂಡು ಸೂವರ್ಡ್ ಅವರಿಗೆ ವಿದೇಶಾಂಗವನ್ನು, ಚೇಸ್ ಅವರಿಗೆ ಖಜಾನೆಯನ್ನು, ಬೇಟ್ಸ್ ಅವರಿಗೆ ಅಟಾರ್ನಿ ಜನರಲ್ ಹುದ್ದೆಯನ್ನು ಕೊಟ್ಟರು. 1855ರಲ್ಲಿ ಒಂದು ಪೇಟೆಂಟ್ ಮೊಕದ್ದಮೆಯಲ್ಲಿ ತಮ್ಮನ್ನು ಕಡೆಗಣಿಸಿದ್ದ ವಕೀಲ ಎಡ್ವಿನ್ ಸ್ಟ್ಯಾಂಟನ್ ಅವರನ್ನೇ 1862ರ ಜನವರಿಯಲ್ಲಿ ಯುದ್ಧ ಸಚಿವರನ್ನಾಗಿ ಮಾಡಿದರು.

ಈ ಕಥೆಯನ್ನು ಔದಾರ್ಯದ ಕಥೆಯಾಗಿ ಹೇಳುವುದೇ ರೂಢಿ. ಆದರೆ ಹೊರಗೆ ನಿಂತು ಕಲ್ಲೆಸೆಯುವ ಶಕ್ತಿಯಿದ್ದವರು ಒಳಗೆ ಕೂತು ವಾದಿಸುವಂತಾದದ್ದೇ ಇದರ ನಿಜವಾದ ಲಾಭ. ಇದರ ಬೆಲೆಯೂ ಕಡಿಮೆಯದಲ್ಲ. ಅಧಿಕಾರ ಹಿಡಿದು ಒಂದು ತಿಂಗಳೂ ತುಂಬದ 1861ರ ಏಪ್ರಿಲ್ 1ರಂದು ಸೂವರ್ಡ್ ಒಂದು ಟಿಪ್ಪಣಿ ಬರೆದು, ಸರ್ಕಾರಕ್ಕೆ ನೀತಿಯೇ ಇಲ್ಲವೆಂದೂ ಅದನ್ನು ನಡೆಸುವ ಹೊಣೆಯನ್ನು ತಾವು ಹೊರಲು ಹಿಂಜರಿಯುವುದಿಲ್ಲವೆಂದೂ ಸೂಚಿಸಿದರು. ಮಾಡಬೇಕಾದದ್ದು ಏನೇ ಇದ್ದರೂ ಅದನ್ನು ತಾವೇ ಮಾಡಬೇಕು ಎಂಬುದು ಲಿಂಕನ್ ಅವರ ಉತ್ತರವಾಗಿತ್ತು. ಟಿಪ್ಪಣಿ ಆಗ ಪತ್ರಿಕೆಗಳಿಗೆ ಹೋಗಲಿಲ್ಲ, ಸೂವರ್ಡ್ ಅವಮಾನಕ್ಕೆ ಒಳಗಾಗಲಿಲ್ಲ. ಅಲ್ಲಿಂದ ಮುಂದೆ ಅವರು ಲಿಂಕನ್ ಅವರ ಅತ್ಯಂತ ನಂಬಿಕೆಯ ಸಹೋದ್ಯೋಗಿಯಾದರು.

ಚೇಸ್ ಹಾಗಾಗಲಿಲ್ಲ. 1862ರ ಡಿಸೆಂಬರ್‌ನಲ್ಲಿ, ಉತ್ತರ ಮತ್ತು ದಕ್ಷಿಣದ ನಡುವಿನ ಅಂತರ್ಯುದ್ಧದಲ್ಲಿ ಫ್ರೆಡರಿಕ್ಸ್‌ಬರ್ಗ್‌ನ ಸೋಲಿನ ಬೆನ್ನಿಗೇ, ರಿಪಬ್ಲಿಕನ್ ಸೆನೆಟರ್‌ಗಳ ನಿಯೋಗವೊಂದು ಸೂವರ್ಡ್ ಅವರನ್ನು ತೆಗೆಯಬೇಕೆಂದು ಪಟ್ಟು ಹಿಡಿಯಿತು. ಅಧ್ಯಕ್ಷರು ಸಂಪುಟವನ್ನು ಕೇಳುವುದೇ ಇಲ್ಲ, ಸೂವರ್ಡ್ ಹೇಳಿದ್ದೇ ನಡೆಯುತ್ತದೆ ಎಂದು ಸೆನೆಟರ್‌ಗಳ ಕಿವಿಯಲ್ಲಿ ಊದಿದ್ದವರು ಚೇಸ್. ಲಿಂಕನ್ ಮಾಡಿದ್ದು ಇಷ್ಟೇ: ಡಿಸೆಂಬರ್ 19ರ ರಾತ್ರಿ ಸೆನೆಟರ್‌ಗಳನ್ನು ಮತ್ತೆ ಕರೆಸಿದರು, ಸೂವರ್ಡ್ ಒಬ್ಬರನ್ನು ಬಿಟ್ಟು ಇಡೀ ಸಂಪುಟವನ್ನೂ ಅದೇ ಕೋಣೆಗೆ ಬರಮಾಡಿಕೊಂಡರು. ಹಿಂದಿನಿಂದ ಆಡಿದ ಮಾತನ್ನು ಸಹೋದ್ಯೋಗಿಗಳ ಎದುರು ಆಡಬೇಕಾಗಿ ಬಂದಾಗ ಚೇಸ್ ಇಕ್ಕಟ್ಟಿಗೆ ಸಿಕ್ಕಿ, ಸಂಪುಟದಲ್ಲಿ ಮುಖ್ಯ ವಿಷಯಗಳ ಚರ್ಚೆ ನಡೆಯುತ್ತದೆ ಎಂದೇ ಒಪ್ಪಬೇಕಾಯಿತು. ಮರುದಿನ ಅವರು ರಾಜೀನಾಮೆ ಪತ್ರ ಹಿಡಿದು ಬಂದು ಕೊಡಲು ಹಿಂದೆಮುಂದೆ ನೋಡುತ್ತಿದ್ದಾಗ, ಲಿಂಕನ್ ಕೈಚಾಚಿ ಪತ್ರವನ್ನು ಎಳೆದುಕೊಂಡರು. ಸೂವರ್ಡ್ ಆಗಲೇ ರಾಜೀನಾಮೆ ಕಳುಹಿಸಿದ್ದರು. ಹೀಗೆ ಇಬ್ಬರ ರಾಜೀನಾಮೆಯೂ ಕೈಗೆ ಬಂದ ಮೇಲೆ ಲಿಂಕನ್ ಎರಡನ್ನೂ ಒಪ್ಪಲಿಲ್ಲ. ಚೀಲದ ಎರಡು ತುದಿಗೂ ಒಂದೊಂದು ಕುಂಬಳಕಾಯಿ ಸಿಕ್ಕಿತು, ಇನ್ನು ಸವಾರಿ ಸಲೀಸು ಎಂಬರ್ಥದ ಮಾತನ್ನು ಅವರು ಆಗ ಒಬ್ಬ ಸೆನೆಟರ್‌ಗೆ ಹೇಳಿದ್ದರು.

ಈ ದಾರಿಯನ್ನು ಆಯ್ದುಕೊಳ್ಳಲು ಬಯಸುವವರು ಒಂದು ಅಂಶವನ್ನು ಮರೆಯಬಾರದು. ಅಮೆರಿಕದ ಸಂಪುಟಕ್ಕೆ ಅಧ್ಯಕ್ಷರನ್ನು ಬಹುಮತದಿಂದ ಇಳಿಸುವ ಅಧಿಕಾರವಿರಲಿಲ್ಲ. ಕೊನೆಯ ಮಾತು ಲಿಂಕನ್ ಅವರದೇ ಆಗಿದ್ದರಿಂದ ಪ್ರತಿಸ್ಪರ್ಧಿಗಳನ್ನು ಒಳಗೆ ಕೂರಿಸಿಕೊಳ್ಳುವುದು ಸಾಧ್ಯವಾಯಿತು. ಜೊತೆಯಲ್ಲಿ ಕೂರುವವರೇ ಸೇರಿ ಕೆಳಗಿಳಿಸಬಲ್ಲ ಹುದ್ದೆಯಲ್ಲಿರುವವರಿಗೆ, ಅಥವಾ ಅಧಿಕಾರದ ಗಡಿಗಳು ಇನ್ನೂ ನಿಚ್ಚಳವಾಗದ ಹೊಸ ಸಂಸ್ಥೆಗೆ, ಈ ದಾರಿಯನ್ನು ನಾನು ಸೂಚಿಸಲಾರೆ.

ವಿರೋಧವನ್ನೇ ಕರ್ತವ್ಯವಾಗಿಸಿದ ಐಸೆನ್‌ಹೋವರ್

ಲಿಂಕನ್ ಅವರ ಸಂಪುಟದಲ್ಲಿ ಎದುರು ಮಾತನಾಡಲು ಸ್ವಂತ ಬಲ ಬೇಕಿತ್ತು. ಐಸೆನ್‌ಹೋವರ್ ಆ ಅಗತ್ಯವನ್ನೇ ತೆಗೆದುಹಾಕಿದರು. 1953ರಲ್ಲಿ ಅವರು ಅಧಿಕಾರಕ್ಕೆ ಬಂದಾಗ ಸೋವಿಯತ್ ಒಕ್ಕೂಟದ ಬಗ್ಗೆ ಮೂರು ಬೇರೆ ಬೇರೆ ನಿಲುವುಗಳು ಅವರ ಸರ್ಕಾರದೊಳಗೇ ಇದ್ದವು. ಅವನ್ನು ಸಭೆಯ ಗದ್ದಲಕ್ಕೆ ಬಿಡದೆ, ಮೂರು ತಂಡಗಳನ್ನು ರಚಿಸಿ, ಒಂದೊಂದು ತಂಡಕ್ಕೂ ಒಂದೊಂದು ನಿಲುವನ್ನು ಒಪ್ಪಿಸಿ, ಅದರ ಪರವಾಗಿ ಸಾಧ್ಯವಿರುವ ಅತ್ಯಂತ ಬಲವಾದ ವಾದವನ್ನು ಸಿದ್ಧಪಡಿಸುವಂತೆ ಹೇಳಿದರು. ಸೋವಿಯತ್ ಪ್ರಭಾವವನ್ನು ಇದ್ದಲ್ಲೇ ತಡೆದು ನಿಲ್ಲಿಸುವುದು ಒಂದು, ಗೆರೆ ಎಳೆದು ದಾಟಿದರೆ ಯುದ್ಧ ಎನ್ನುವುದು ಇನ್ನೊಂದು, ಆಗಲೇ ಅವರ ವಶದಲ್ಲಿರುವ ಪ್ರದೇಶಗಳಿಂದ ಹಿಂದಕ್ಕೆ ಸರಿಸುವುದು ಮತ್ತೊಂದು. ವಾರಗಟ್ಟಲೆ ಕೆಲಸ ಮಾಡಿದ ತಂಡಗಳು ಜುಲೈ 16ರಂದು ಅಧ್ಯಕ್ಷರ ಎದುರು ತಮ್ಮ ವಾದ ಮಂಡಿಸಿದವು. ಇದನ್ನು ‘ಸೋಲಾರಿಯಂ’ ಯೋಜನೆ ಎಂದು ಕರೆಯಲಾಯಿತು.

ಇದರಲ್ಲಿ ಗಮನಿಸಬೇಕಾದದ್ದು ಮೊದಲ ತಂಡದ ಮುಖ್ಯಸ್ಥ ಯಾರು ಎಂಬುದು. ಆ ವರ್ಷವೇ ವಿದೇಶಾಂಗ ಇಲಾಖೆಯಲ್ಲಿ ಸ್ಥಾನ ಸಿಗದೆ ಹೊರಬೀಳುತ್ತಿದ್ದ ಜಾರ್ಜ್ ಕೆನನ್ ಅವರನ್ನೇ ಆ ತಂಡದ ತಲೆಗೆ ನೇಮಿಸಲಾಗಿತ್ತು. ಚುನಾವಣೆಯಲ್ಲಿ ಐಸೆನ್‌ಹೋವರ್ ಅವರ ಪಕ್ಷ ಖಂಡಿಸಿದ್ದ ನೀತಿಯ ಪ್ರಮುಖ ಪ್ರತಿಪಾದಕರು ಅವರು. ಕೊನೆಗೆ ಆ ಅಕ್ಟೋಬರ್‌ನಲ್ಲಿ ರೂಪುಗೊಂಡ ನೀತಿ ಹಿಂದಕ್ಕೆ ಸರಿಸುವ ಆವೇಶವನ್ನು ಬಿಟ್ಟು ತಡೆದು ನಿಲ್ಲಿಸುವ ದಿಕ್ಕಿಗೇ ವಾಲಿತು. ಪಕ್ಷದ ಘೋಷಣೆಗೆ ವಿರುದ್ಧವಾದ ವಾದ ಗೆಲ್ಲಲು ಸಾಧ್ಯವಾದದ್ದು ಅದನ್ನು ಮಂಡಿಸುವುದು ಯಾರದೋ ಧೈರ್ಯಕ್ಕೆ ಬಿಟ್ಟ ವಿಷಯವಾಗಿರದೆ ಒಪ್ಪಿಸಿದ ಕೆಲಸವಾಗಿದ್ದರಿಂದ.

ಜನರು ಮೇಲಿನವರ ಮುಖ ನೋಡಿ ಮಾತನಾಡುವ ಅಭ್ಯಾಸ ಬೇರೂರಿರುವ ಸಂಸ್ಥೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಆದರೆ ಇದಕ್ಕೆ ವಾರಗಳು ಬೇಕು, ಸಮರ್ಥ ಸಿಬ್ಬಂದಿ ಬೇಕು. ಇನ್ನೊಂದು ಮಿತಿಯೂ ಉಂಟು: ಈ ಏರ್ಪಾಡು ಅದರೊಳಗೆ ಬಂದ ವಿಷಯಗಳನ್ನು ಮಾತ್ರ ಶೋಧಿಸುತ್ತದೆ. ಯು-2 ಬೇಹುಗಾರಿಕೆ ವಿಮಾನಗಳ ಹಾರಾಟ ಬೆರಳೆಣಿಕೆಯ ಜನರ ನಡುವೆ ತೀರ್ಮಾನವಾಗುತ್ತಿತ್ತು. ಪ್ಯಾರಿಸ್ ಶೃಂಗಸಭೆಗೆ ಎರಡೇ ವಾರ ಇರುವಾಗ, 1960ರ ಮೇ 1ರಂದು ಅಂಥ ಒಂದು ವಿಮಾನವನ್ನು ಸೋವಿಯತ್ ಪಡೆಗಳು ಹೊಡೆದುರುಳಿಸಿದವು. ಮೊದಲು ಕೊಟ್ಟ ಸುಳ್ಳು ವಿವರಣೆ ಬಯಲಾಯಿತು, ಶೃಂಗಸಭೆ ಮುರಿದುಬಿತ್ತು.

ಒಂದೇ ಕೆಲಸವನ್ನು ಇಬ್ಬರಿಗೆ ಕೊಟ್ಟ ರೂಸ್‌ವೆಲ್ಟ್

ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕ್ರಮ ಇವೆರಡಕ್ಕಿಂತ ಒರಟು. ಒಂದೇ ಕ್ಷೇತ್ರದಲ್ಲಿ ಇಬ್ಬರಿಗೆ ಅಧಿಕಾರ ಕೊಟ್ಟು, ಅವರ ತಿಕ್ಕಾಟದಿಂದ ಸುದ್ದಿ ತಮ್ಮ ಮೇಜಿಗೆ ಬರುವಂತೆ ಮಾಡುತ್ತಿದ್ದರು. ನಿರುದ್ಯೋಗ ನಿವಾರಣೆಯ ಕಾಮಗಾರಿಗಳಲ್ಲಿ ಹೆರಾಲ್ಡ್ ಇಕಿಸ್ ಅಳೆದು ತೂಗಿ ಅಣೆಕಟ್ಟು, ಸೇತುವೆಗಳಂಥ ದೊಡ್ಡ ಕೆಲಸಗಳಿಗೆ ಕೈಹಾಕಿದರೆ, ಹ್ಯಾರಿ ಹಾಪ್ಕಿನ್ಸ್ ಆದಷ್ಟು ಬೇಗ ಆದಷ್ಟು ಜನರಿಗೆ ಕೂಲಿ ಸಿಗಬೇಕು ಎನ್ನುತ್ತಿದ್ದರು. 1935ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸುಮಾರು 480 ಕೋಟಿ ಡಾಲರ್ ಮಂಜೂರು ಮಾಡಿದಾಗ ಅದರ ಪಾಲಿಗಾಗಿ ಇಬ್ಬರೂ ಜಗಳವಾಡಿದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥ ಈ ಜೋಡಿಯಿಂದ ಅಧ್ಯಕ್ಷರಿಗೆ ಒಂದು ಲಾಭವಿತ್ತು: ಯಾರೊಬ್ಬರ ವರದಿಯನ್ನೂ ಅವರು ಕಣ್ಣುಮುಚ್ಚಿ ನಂಬಬೇಕಾಗಿರಲಿಲ್ಲ. ಆದರೆ ಕೆಳಗಿದ್ದವರು ಸವೆದುಹೋದರು. ಇಕಿಸ್ ಮತ್ತೆ ಮತ್ತೆ ರಾಜೀನಾಮೆ ಕೊಡಲು ಮುಂದಾಗುತ್ತಿದ್ದರು. ಎಲ್ಲ ಎಳೆಗಳನ್ನೂ ಸ್ವತಃ ನೆನಪಿಟ್ಟುಕೊಳ್ಳಬಲ್ಲ ನಾಯಕನಿಗಲ್ಲದೆ ಇದು ಒಗ್ಗುವುದಿಲ್ಲ, ಮತ್ತು ಅಂಥವರು ವಿರಳ.

ರೂಸ್‌ವೆಲ್ಟ್ ಅವರಿಂದ ಇಂದಿನವರು ಕಲಿಯಬೇಕಾದ ಹೆಚ್ಚಿನ ಪಾಠ ಅವರ ಸೋಲಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. 1936ರಲ್ಲಿ ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದಿದ್ದರು. ಮರುವರ್ಷ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟ್‌ಗೆ ಆರು ಹೆಚ್ಚುವರಿ ನ್ಯಾಯಾಧೀಶರನ್ನು ನೇಮಿಸಲು ಅವಕಾಶ ಕೊಡುವ ಯೋಜನೆಯನ್ನು ಗುಟ್ಟಾಗಿ ಸಿದ್ಧಪಡಿಸಿ, ತಮ್ಮದೇ ಪಕ್ಷದ ಕಾಂಗ್ರೆಸ್ ನಾಯಕರಿಗೂ ಕೊನೆಯ ಗಳಿಗೆಯಲ್ಲಿ ತಿಳಿಸಿದರು. ಆ ಜುಲೈಯಲ್ಲಿ ಅದು ಸೆನೆಟ್‌ನಲ್ಲಿ ಬಿದ್ದುಹೋಯಿತು. ತಿಕ್ಕಾಟದಿಂದ ಸತ್ಯ ತಿಳಿಯುವ ಕ್ರಮವನ್ನು ಕಟ್ಟಿದವರೇ ಭಾರೀ ಗೆಲುವಿನ ನಂತರ ಅದನ್ನು ಬದಿಗೆ ಸರಿಸಿದ್ದರು.

ಕೆನಡಿ: ಹದಿನೆಂಟು ತಿಂಗಳ ಅಂತರದಲ್ಲಿ ಎರಡು ಕೋಣೆ

ಹೋಲಿಕೆಗೆ ಇದಕ್ಕಿಂತ ಸೂಕ್ತವಾದ ಪ್ರಸಂಗ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ವ್ಯಕ್ತಿ ಒಬ್ಬರೇ, ಸಲಹೆಗಾರರೂ ಬಹುಮಟ್ಟಿಗೆ ಅದೇ ಜನ, ಎದುರಿಗಿದ್ದ ದೇಶವೂ ಕ್ಯೂಬಾವೇ. ಬದಲಾದದ್ದು ಕ್ರಮ ಮಾತ್ರ.

1961ರಲ್ಲಿ ಕೆನಡಿ ಅಧಿಕಾರಕ್ಕೆ ಬಂದವರೇ ಐಸೆನ್‌ಹೋವರ್ ಕಟ್ಟಿದ್ದ ಸಮಿತಿಗಳ ವ್ಯವಸ್ಥೆಯನ್ನು ಬಿಚ್ಚತೊಡಗಿದರು. ದೇಶ ಬಿಟ್ಟು ಬಂದಿದ್ದ ಸುಮಾರು 1,400 ಕ್ಯೂಬನ್ನರನ್ನು ಕ್ಯೂಬಾ ಕರಾವಳಿಯ ಬೇ ಆಫ್ ಪಿಗ್ಸ್‌ನಲ್ಲಿ ಇಳಿಸಿ ಅಲ್ಲಿನ ಕ್ಯಾಸ್ಟ್ರೋ ಸರ್ಕಾರವನ್ನು ಉರುಳಿಸುವ ಯೋಜನೆ ಅವರ ಮುಂದೆ ಬಂದಾಗ, ಅದನ್ನು ರೂಪಿಸಿದ ಸಿಐಎ ಅಧಿಕಾರಿಗಳೇ ಅದರ ವಕೀಲರೂ ಆಗಿದ್ದರು. ಏಪ್ರಿಲ್ 4ರ ಸಭೆಯಲ್ಲಿ ಹೊರಗಿನಿಂದ ಬಂದಿದ್ದ ಸೆನೆಟರ್ ಫುಲ್‌ಬ್ರೈಟ್ ಮಾತ್ರ ಗಟ್ಟಿಯಾಗಿ ವಿರೋಧಿಸಿದರು. ಲಿಖಿತವಾಗಿ ಆಕ್ಷೇಪ ಸಲ್ಲಿಸಿದ್ದ ಸಲಹೆಗಾರ ಆರ್ಥರ್ ಷ್ಲೆಸಿಂಜರ್ ಸಭೆಯಲ್ಲಿ ತುಟಿ ಬಿಚ್ಚಲಿಲ್ಲ, ಮುಂದೆ ಅದಕ್ಕಾಗಿ ಪರಿತಪಿಸಿದರು. ಏಪ್ರಿಲ್ 17ರಂದು ಆರಂಭವಾದ ದಾಳಿ ಮೂರೇ ದಿನಗಳಲ್ಲಿ ನೆಲಕಚ್ಚಿ ಸಾವಿರಕ್ಕೂ ಹೆಚ್ಚು ಜನ ಸೆರೆಸಿಕ್ಕರು.

ಮುಂದಿನ ದೃಶ್ಯ ಏಪ್ರಿಲ್ 22ರಂದು ಕ್ಯಾಂಪ್ ಡೇವಿಡ್‌ನದು. ಸೋತ ಯುವ ಅಧ್ಯಕ್ಷರು ಹಿಂದಿನ ಅಧ್ಯಕ್ಷರನ್ನು ಕರೆಸಿಕೊಂಡಿದ್ದರು. ಇಬ್ಬರೂ ತಲೆತಗ್ಗಿಸಿ ಕಾಲುದಾರಿಯಲ್ಲಿ ನಡೆದುಹೋಗುವ ಬೆನ್ನ ಕಡೆಯ ಛಾಯಾಚಿತ್ರ ಇಂದಿಗೂ ಪ್ರಸಿದ್ಧ. ಐಸೆನ್‌ಹೋವರ್ ನಂತರ ನೆನಪಿಸಿಕೊಂಡಂತೆ ಅವರು ಕೇಳಿದ ಪ್ರಶ್ನೆ ಯೋಜನೆಯ ಕುರಿತದ್ದಲ್ಲ, ಕ್ರಮದ ಕುರಿತದ್ದು: ಒಪ್ಪಿಗೆ ಕೊಡುವ ಮುನ್ನ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಪರ ವಿರೋಧದ ವಾದ ಕೇಳಿದಿರೋ, ಅಥವಾ ಒಬ್ಬೊಬ್ಬರನ್ನೇ ಕಂಡು ಮಾತನಾಡಿದಿರೋ? ಒಬ್ಬ ನಾಯಕ ಇನ್ನೊಬ್ಬರಿಂದ ಕಲಿಯುವುದೆಂದರೆ ಏನೆಂದು ತೋರಿಸಲು ನನಗೆ ಈ ಒಂದು ಪ್ರಶ್ನೆ ಸಾಕು.

1962ರ ಅಕ್ಟೋಬರ್ 16ರಂದು ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿರುವ ಚಿತ್ರಗಳು ಕೈಸೇರಿದಾಗ ಕೆನಡಿ ಬೇರೆಯದೇ ರೀತಿ ನಡೆದುಕೊಂಡರು. ಸಣ್ಣ ಗುಂಪೊಂದನ್ನು ಕೂಡಿಸಿದರು. ಇಲಾಖೆಯ ಪ್ರತಿನಿಧಿಗಳಾಗಿ ಮಾತನಾಡುವ ರೂಢಿಯನ್ನು ಬಿಟ್ಟು ಇಡೀ ಸಮಸ್ಯೆಯ ಬಗ್ಗೆ ಮಾತನಾಡುವಂತೆ ಅವಕಾಶ ಕೊಟ್ಟರು, ತಾವಿದ್ದರೆ ಜನ ತಮ್ಮತ್ತ ನೋಡಿ ಮಾತನಾಡುತ್ತಾರೆಂದು ಕೆಲವು ಸಭೆಗಳಿಂದ ಹೊರಗುಳಿದರು. ವೈಮಾನಿಕ ದಾಳಿಯ ಪರವಿದ್ದವರೂ ನೌಕಾ ದಿಗ್ಬಂಧನದ ಪರವಿದ್ದವರೂ ತಂತಮ್ಮ ಯೋಜನೆಯನ್ನು ಬರೆದು, ಅದಲುಬದಲು ಮಾಡಿಕೊಂಡು ಪರಸ್ಪರರ ತಪ್ಪು ಹುಡುಕಿದರು. ಮೊದಮೊದಲು ದಾಳಿಯತ್ತ ವಾಲಿದ್ದ ಕೋಣೆ ಕೆಲವೇ ದಿನಗಳಲ್ಲಿ ದಿಗ್ಬಂಧನಕ್ಕೆ ಬಂತು. ಅಕ್ಟೋಬರ್ 28ರಂದು ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿಗಳನ್ನು ಹಿಂತೆಗೆಯಲು ಒಪ್ಪಿದರು. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಗುಪ್ತ ಭರವಸೆಯೂ ಆ ಒಪ್ಪಂದದ ಭಾಗವಾಗಿತ್ತು. ದ್ವೀಪದಲ್ಲಿ ಆಗಲೇ ಯುದ್ಧಭೂಮಿಯಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳೂ ಇದ್ದವು ಎಂಬುದು ಆ ಕೋಣೆಯಲ್ಲಿದ್ದವರಿಗೆ ತಿಳಿದಿರಲಿಲ್ಲ; ಅದು ಬಹಿರಂಗವಾದದ್ದು ಮೂವತ್ತು ವರ್ಷಗಳ ನಂತರ. ಮೊದಲ ದಿನದ ಒಮ್ಮತವೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಮೈ ನಡುಗುತ್ತದೆ.

ಸಮಯ ದಿನಗಳಲ್ಲಿ ಮಾತ್ರ ಉಳಿದಿರುವಾಗ, ತಪ್ಪಿದರೆ ತಿದ್ದಲಾಗದ ತೀರ್ಮಾನವಿರುವಾಗ, ಆಯ್ದುಕೊಳ್ಳಬೇಕಾದದ್ದು ಈ ದಾರಿ. ದಿನನಿತ್ಯದ ಕೆಲಸಕ್ಕೆ ಇದು ಹೊಂದುವುದಿಲ್ಲ. ಹದಿಮೂರು ದಿನ ಈ ಬಗೆಯಲ್ಲಿ ಕೂರಬಹುದು, ಹದಿಮೂರು ತಿಂಗಳು ಕೂರಲಾಗದು.

ವಾಷಿಂಗ್ಟನ್ ಅವರ ಮೂರು ಪತ್ರಗಳು

ಸಿಬ್ಬಂದಿ ಕಡಿಮೆ, ಸಮಯವೂ ಕಡಿಮೆ ಎನ್ನುವವರಿಗೆ ಹಳೆಯ ದಾರಿಯೇ ಒಳ್ಳೆಯದು. 1791ರಲ್ಲಿ ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸುವ ಮಸೂದೆ ಕಾಂಗ್ರೆಸ್‌ನಿಂದ ಬಂದಾಗ ಅದು ಸಂವಿಧಾನಕ್ಕೆ ಒಪ್ಪುವುದೇ ಎಂಬ ಸಂಶಯ ವಾಷಿಂಗ್ಟನ್ ಅವರಿಗಿತ್ತು, ನಿರ್ಧರಿಸಲು ಸಂವಿಧಾನ ಕೊಟ್ಟಿದ್ದು ಭಾನುವಾರಗಳನ್ನು ಬಿಟ್ಟು ಹತ್ತೇ ದಿನ. ಅವರು ಅಟಾರ್ನಿ ಜನರಲ್ ರಾಂಡಾಲ್ಫ್ ಮತ್ತು ವಿದೇಶಾಂಗ ಸಚಿವ ಜೆಫರ್ಸನ್ ಅವರಿಂದ ಲಿಖಿತ ಅಭಿಪ್ರಾಯ ಕೇಳಿದರು. ಇಬ್ಬರೂ ಅದು ಅಸಾಂವಿಧಾನಿಕ ಎಂದರು. ಆ ಎರಡನ್ನೂ ಮಸೂದೆಯ ಜನಕ, ಖಜಾನೆ ಸಚಿವ ಹ್ಯಾಮಿಲ್ಟನ್ ಅವರಿಗೆ ಕಳುಹಿಸಿ ಉತ್ತರಿಸಲು ಹೇಳಿದರು. ಜೊತೆಗೆ, ಮಸೂದೆಯನ್ನು ತಿರಸ್ಕರಿಸುವುದಾದರೆ ಬೇಕಾಗುವ ಸಂದೇಶದ ಕರಡನ್ನೂ ಕಾಂಗ್ರೆಸ್ ಸದಸ್ಯ ಮ್ಯಾಡಿಸನ್ ಅವರಿಂದ ಬರೆಸಿಟ್ಟುಕೊಂಡರು. ಹ್ಯಾಮಿಲ್ಟನ್ ಅವರ ದೀರ್ಘ ಉತ್ತರ ಬಂದ ಮೇಲೆ ಫೆಬ್ರುವರಿ 25ರಂದು ಸಹಿ ಹಾಕಿದರು. ದೊಡ್ಡ ದನಿಯವರು ಗೆಲ್ಲುವ ಭಯ ಇಲ್ಲಿಲ್ಲ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಸಣ್ಣ ಸಂಸ್ಥೆಗಳ ಮುಖ್ಯಸ್ಥರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಆಯ್ಕೆಯಂತೆ ಕಂಡರೂ ಆಯ್ಕೆಯಲ್ಲದವು

ಎದುರು ಮಾತನ್ನು ಕೇಳಿದಂತೆ ತೋರಿ ಕೇಳದಿರುವ ದಾರಿಗಳೂ ಇವೆ. ವಿಯೆಟ್ನಾಂ ಯುದ್ಧವನ್ನು ಹಿಗ್ಗಿಸಬಾರದೆಂದು ಕೆನಡಿ ನಂತರದ ಅಧ್ಯಕ್ಷ ಜಾನ್ಸನ್ ಅವರ ಸರ್ಕಾರದಲ್ಲಿ ವಿದೇಶಾಂಗ ಇಲಾಖೆಯಲ್ಲಿದ್ದ ಜಾರ್ಜ್ ಬಾಲ್ 1964ರಿಂದಲೇ ಬರೆದು ಎಚ್ಚರಿಸುತ್ತಿದ್ದರು. ಅವರನ್ನು ಯಾರೂ ಬಾಯಿ ಮುಚ್ಚಿಸಲಿಲ್ಲ; ಬದಲಿಗೆ, ಪ್ರತಿವಾದ ಹೂಡುವುದೇ ಇವರ ಪಾತ್ರ ಎಂಬ ಹಣೆಪಟ್ಟಿ ಹಚ್ಚಲಾಯಿತು. ಎಲ್ಲರೂ ಗೌರವದಿಂದ ಕೇಳಿದರು, 1965ರ ಜುಲೈಯಲ್ಲಿ ಅಲ್ಲಿನ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವ ಘೋಷಣೆಯೂ ಹೊರಟಿತು. ಐಸೆನ್‌ಹೋವರ್ ಅವರ ತಂಡಗಳಿಗೂ ಬಾಲ್ ಅವರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಸೂಕ್ಷ್ಮವಾಗಿ ನೋಡಬೇಕು: ಅಲ್ಲಿ ಮೂರೂ ವಾದಗಳಿಗೆ ಸಮಾನ ಸಿದ್ಧತೆ, ಸಮಾನ ಬಲ, ತೀರ್ಮಾನವಾಗದ ವಿಷಯ, ಇಲ್ಲಿ ಒಂಟಿ ದನಿ, ಆಗಲೇ ವೇಗ ಪಡೆದಿದ್ದ ಬಂಡಿ.

ರೇಗನ್ ಕಾಲದಲ್ಲಿ, ಅಮೆರಿಕದ ಒತ್ತೆಯಾಳುಗಳ ಬಿಡುಗಡೆಗೆ ನೆರವಾದೀತೆಂದು ಇರಾನ್‌ಗೆ ಶಸ್ತ್ರಾಸ್ತ್ರ ಮಾರುವ ಯೋಜನೆಯನ್ನು ವಿದೇಶಾಂಗ ಸಚಿವ ಷುಲ್ಟ್ಜ್ ಮತ್ತು ರಕ್ಷಣಾ ಸಚಿವ ವೈನ್‌ಬರ್ಗರ್ ಇಬ್ಬರೂ ಸಭೆಯಲ್ಲೇ ವಿರೋಧಿಸಿದ್ದರು. ಆ ಬಳಿಕ ಇಬ್ಬರನ್ನೂ ಬಹುಪಾಲು ಹೊರಗಿಟ್ಟು ಕೆಲಸ ಮುಂದುವರಿಯಿತು. 1987ರ ಮಾರ್ಚ್‌ನಲ್ಲಿ ರೇಗನ್ ದೂರದರ್ಶನದ ಮುಂದೆ ಬಂದು, ಒತ್ತೆಯಾಳುಗಳಿಗಾಗಿ ಶಸ್ತ್ರ ಕೊಟ್ಟಿಲ್ಲವೆಂದು ತಮ್ಮ ಹೃದಯ ಈಗಲೂ ಹೇಳುತ್ತದೆ, ಆದರೆ ಸತ್ಯಾಂಶಗಳು ಹಾಗೆ ಹೇಳುತ್ತಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಯಾವ ದಾರಿ ಆಯ್ದರೂ ಒಂದು ಷರತ್ತು ಇದ್ದೇ ಇದೆ. ತಪ್ಪಾದಾಗ ನಾಯಕ ಕೈ ತೊಳೆದುಕೊಂಡರೆ ಮುಂದಿನ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬೇ ಆಫ್ ಪಿಗ್ಸ್ ಸೋಲಿನ ನಂತರ ಕೆನಡಿ ಪತ್ರಕರ್ತರ ಎದುರು ಸರ್ಕಾರದ ಹೊಣೆಗಾರ ಅಧಿಕಾರಿ ತಾವೇ ಎಂದರು. ಖಾಸಗಿಯಾಗಿ ಅವರಿಗೆ ಸಲಹೆಗಾರರ ಮೇಲೆ ಸಿಟ್ಟಿದ್ದರೂ ಅಂದು ಯಾರ ಮೇಲೂ ಬೊಟ್ಟು ಮಾಡಲಿಲ್ಲ. ಅದೇ ಸಲಹೆಗಾರರಲ್ಲಿ ಅನೇಕರು ಮುಂದಿನ ವರ್ಷ ಅಷ್ಟು ಬಿಚ್ಚುಮನಸ್ಸಿನಿಂದ ವಾದಿಸಲು ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಆಯ್ದುಕೊಂಡ ಕ್ರಮ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಕಳೆದ ಕೆಲವು ತೀರ್ಮಾನಗಳನ್ನು ಎದುರಿಗಿಟ್ಟುಕೊಂಡು, ಯಾರೋ ಆಡಿದ ವಿರೋಧದ ಮಾತಿನಿಂದ ಅವುಗಳ ದಿನಾಂಕವೋ ಪ್ರಮಾಣವೋ ಪದವೋ ಬದಲಾಗಿದೆಯೇ ಎಂದು ನೋಡಬೇಕು. 1862ರ ಜುಲೈ 22ರಂದು ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ಸಂಪುಟದ ಮುಂದೆ ಓದಿದಾಗ, ಮೂಲ ವಿಷಯದಲ್ಲಿ ತಮ್ಮ ನಿರ್ಧಾರ ಆಗಿದೆ ಎಂದೇ ಹೇಳಿದ್ದರು. ಆಗ ಸೂವರ್ಡ್ ಅದನ್ನು ಮೆಚ್ಚಿಯೂ ಒಂದು ಆಕ್ಷೇಪ ಎತ್ತಿದರು: ರಣರಂಗದಲ್ಲಿ ಸೋಲುಗಳ ನಡುವೆ ಇದು ಹೊರಬಿದ್ದರೆ ದಿಕ್ಕೆಟ್ಟ ಸರ್ಕಾರದ ಕೊನೆಯ ಕೂಗಿನಂತೆ ಕೇಳಿಸುತ್ತದೆ, ಒಂದು ಗೆಲುವಿನವರೆಗೆ ಕಾಯೋಣ. ಲಿಂಕನ್ ಕರಡನ್ನು ಪಕ್ಕಕ್ಕಿಟ್ಟರು. ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ದಕ್ಷಿಣದ ಸೇನೆ ಹಿಮ್ಮೆಟ್ಟುವಂತಾಯಿತು. ಐದು ದಿನಗಳ ನಂತರ, ಸೆಪ್ಟೆಂಬರ್ 22ರಂದು, ಘೋಷಣೆ ಹೊರಬಿತ್ತು.